ಐಮಂಗಲ ಸೀಮೆಯ ಹಟ್ಟಿಗಳ ಮಾತು

ಕನ್ನಡವು ಎಡೆಯೆಡೆಗೆ ಬೇರೆಬೇರೆಯಾಗಿ ಕವಲೊಡೆದಿದೆ, ಆ ಭೇದಗಳನ್ನೆಲ್ಲ ಎಣಿಸಹೊರಟರೆ ವಾಸುಕಿಗೂ ಬೇಸರ ಬಂದೀತು ಎಂಬ ಭಾವವನ್ನು ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿಯೇ ಕಾಣಬಹುದು. ಆ ಲಾಕ್ಷಣಿಕನಿಗೆ ಅದು ಕಾವ್ಯದೋಷದ ಪ್ರಶ್ನೆ; ಇಂದಿನ ಭಾಷಾಭ್ಯಾಸಿಗಳಿಗಾದರೋ ಅದೇ ಭೇದವು ದೊಡ್ಡ ನಿಧಿ. ಚಿತ್ರದುರ್ಗದಿಂದ ಹಿರಿಯೂರಿಗೆ ಹೋಗುವ ಹೆದ್ದಾರಿಯ ಮೇಲಿರುವ ಐಮಂಗಲದ ಸುತ್ತಿನ ಬಯಲುಸೀಮೆಯಲ್ಲಿ ಈ ನಿಧಿಯ ಒಂದು ಪಾಲು ಇಂದಿಗೂ ಉಳಿದಿರುವುದು.

ಈ ಸೀಮೆಯು ಮಳೆ ಕಡಮೆಯಾದ ನಾಡು. ವೇದಾವತಿಗೆ ಅಡ್ಡಲಾಗಿ ೧೯೦೭ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ಜಲಾಶಯವು ಹಿರಿಯೂರಿನ ಬಳಿಯ ಭೂಮಿಗೆ ನೀರುಣಿಸಿತೇ ಹೊರತು, ತಾಲ್ಲೂಕಿನ ಬಹುಭಾಗವು ಆಡು, ಕುರಿ, ರಾಗಿ, ಜೋಳಗಳ ನೆಲವಾಗಿಯೇ ಉಳಿಯಿತು. ಇಲ್ಲಿನ ಪಶುಪಾಲಕರಲ್ಲಿ ಕಾಡುಗೊಲ್ಲರು ಮುಖ್ಯರು. ರೈಸ್ ಸಾಹೇಬರ ಮೈಸೂರು ಗೆಜೆಟಿಯರಿನಲ್ಲಿಯೂ (೧೮೯೭), ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಮೈಸೂರು ಬುಡಕಟ್ಟು-ಜಾತಿಗಳ ಗ್ರಂಥದಲ್ಲಿಯೂ ಊರುಗೊಲ್ಲರೆಂದೂ ಕಾಡುಗೊಲ್ಲರೆಂದೂ ಎರಡು ಭೇದಗಳನ್ನು ಹೇಳಿದೆ. ಊರುಗೊಲ್ಲರಿಗೆ ತೆಲುಗಿನ ನಂಟುಂಟು. ಕಾಡುಗೊಲ್ಲರ ಮನೆಮಾತು ಕನ್ನಡ.

ಇವರ ವಾಸಸ್ಥಾನಕ್ಕೆ ಹಟ್ಟಿ ಎಂದು ಹೆಸರು. ಊರಿನಿಂದ ದೂರದಲ್ಲಿ, ಸುತ್ತಲೂ ಮುಳ್ಳುಬೇಲಿ ಹಾಕಿ, ನಡುವೆ ಗುಡಿಯೊಂದನ್ನಿಟ್ಟು ಕಟ್ಟಿಕೊಂಡ ನೆಲೆ ಅದು. ಹಳಗನ್ನಡದಲ್ಲಿ ಪಟ್ಟಿ ಎಂದರೆ ದನಕುರಿಗಳ ದೊಡ್ಡಿ. ಕೇಶಿರಾಜನೂ ಗುರುತಿಸಿರುವ ಪಕಾರ-ಹಕಾರ ವ್ಯತ್ಯಾಸದಿಂದ ಅದು ಹಟ್ಟಿಯಾಯಿತು; ಆಡುಮಾತಿನಲ್ಲಿ ಹಕಾರವೂ ಅಳಿದು ಅಟ್ಟಿಯೆಂದು ಕೇಳಿಬರುತ್ತದೆ. ರೂಪಕ್ಕಿಂತಲೂ ಅರ್ಥದ ಪಯಣವು ಹೆಚ್ಚು ಸ್ವಾರಸ್ಯವಾದುದು. ಕುಂದಾಪುರದ ಕಡೆ ಹಟ್ಟಿಯೆಂದರೆ ಇಂದಿಗೂ ದನದ ಕೊಟ್ಟಿಗೆ. ಚಾಮರಾಜನಗರದ ಕಡೆ ಅದು ಮನೆ. ಹಟ್ಟಿಗೆ ಹೋದನೆಂದರೆ ಮನೆಗೆ ಹೋದನೆಂದೇ ಅರ್ಥ. ನೀಲಗಿರಿಯ ಬಡಗರಿಗೆ ಹಟ್ಟಿಯು ಊರು. ತಮಿಳುನಾಡಿನ ಉಸಿಲಂಪಟ್ಟಿ, ಕೋವಿಲ್‌ಪಟ್ಟಿಗಳ ಕೊನೆಯಲ್ಲಿರುವುದೂ ಇದೇ ಶಬ್ದ. ದನದ ದೊಡ್ಡಿಯಿಂದ ಮನೆ, ಮನೆಯಿಂದ ಊರು ಎಂಬ ಈ ಮೆಟ್ಟಿಲುಗಳ ನಡುವೆ ಕಾಡುಗೊಲ್ಲರ ಹಟ್ಟಿಯು ನಿಂತಿದೆ: ಮನುಷ್ಯರ ವಸತಿಯಾದರೂ ದೊಡ್ಡಿಯ ಬೇಲಿಯನ್ನು ಅದು ಬಿಟ್ಟುಕೊಟ್ಟಿಲ್ಲ. ಹಟ್ಟಿಯೆಂಬುದು ಮನುಷ್ಯರ ಪಾಲಾದ ಮೇಲೆ ಕುರಿಗಳಿಗೆ ಬೇರೊಂದು ಮಾತು ಬೇಕಷ್ಟೆ. ಆ ಸ್ಥಾನದಲ್ಲಿ ರೊಪ್ಪವೆಂಬ ಶಬ್ದವಿದೆ. ಪಾವಗಡ, ಮಡಕಶಿರಾ ಸೀಮೆಗಳ ಊರ ಹೆಸರುಗಳಲ್ಲಿಯೂ ಇದು ಸೇರಿಕೊಂಡಿದೆ.

ಈ ಮಾತನ್ನು ಅಪಭ್ರಂಶವೆಂದು ತಳ್ಳಿಹಾಕುವ ಅಭ್ಯಾಸವು ಶಾಲೆಗಳಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ಹುಡುಗನು ಮ್ಯಾಕೆ ಎಂದರೆ ಮೇಕೆ ಎಂದು ತಿದ್ದುವರು. ದ್ಯಾವರು ಎಂದರೆ ನಗುವರು. ಆದರೆ ಇಲ್ಲಿ ನಡೆದಿರುವುದು ನಾಲಗೆಯ ಸೋಮಾರಿತನವಲ್ಲ, ನಿಯಮ. ಮೇಕೆ, ಪೇಟೆ, ದೇವರು ಎಂಬಲ್ಲಿ ಏಕಾರದ ಮುಂದಿನ ಅಕ್ಷರದಲ್ಲಿ ಅಕಾರವೋ ಎಕಾರವೋ ಇರುವುದರಿಂದ ಏಕಾರವು ಯಾಕಾರವಾಗಿ ಮ್ಯಾಕೆ, ಪ್ಯಾಟೆ, ದ್ಯಾವರು ಎಂದಾಗುತ್ತದೆ. ಬೇಲಿ, ತೇರು, ಬೇರು ಎಂಬಲ್ಲಿ ಮುಂದೆ ಇಕಾರ ಉಕಾರಗಳಿರುವುದರಿಂದ ಏಕಾರವು ಕದಲುವುದಿಲ್ಲ. ಬ್ಯಾಲಿ ಎಂದು ಹಟ್ಟಿಯ ಮಗುವೂ ಹೇಳದು. ಯಾರೂ ಕಲಿಸದ ಈ ಕಟ್ಟಳೆಯನ್ನು ಮಗುವು ತಪ್ಪದೆ ನಡೆಸುತ್ತಿರುವಾಗ ತಿದ್ದುವ ಉಪಾಧ್ಯಾಯನೇ ಅದನ್ನು ಕಾಣದೆ ಹೋಗುವುದು ವಿಪರ್ಯಾಸ. ಕಾಡುಗೊಲ್ಲರ ಆರಾಧ್ಯದೈವಗಳಲ್ಲೊಬ್ಬನಾದ ಕ್ಯಾತಪ್ಪನ ಹೆಸರೂ ಈ ನಿಯಮದಿಂದಲೇ ತಿಳಿಯಾಗುತ್ತದೆ: ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಕೇತ, ಕೇತಯ್ಯ ಎಂಬ ಹೆಸರುಗಳ ಬಳಗಕ್ಕೆ ಸೇರಿದುದದು.

ಪಶುಗಳಿಗೆ ಸಂಬಂಧಿಸಿದ ಮಾತುಗಳಲ್ಲಿ ಹಳಗನ್ನಡದ ನೆನಪು ಇನ್ನೂ ಸ್ಪಷ್ಟ. ಪಂಪನ ಕಾಲದ ತಗರ್ ಇಂದಿನ ಟಗರು. ಪೋಂತು ಎಂಬುದು ಹೋತವಾಗಿ, ಹಕಾರವಳಿದು ಓತವಾಗಿದೆ. ಕಡಸು, ಆಡು ಎಂಬವು ಸಾವಿರ ವರ್ಷಗಳಾದರೂ ಇದ್ದಂತೆಯೇ ಇವೆ. ಕುರಿಯ ಮೈಮೇಲಿನದನ್ನು ಪಠ್ಯಪುಸ್ತಕಗಳು ಉಣ್ಣೆಯೆನ್ನುತ್ತವೆ. ಅದು ಸಂಸ್ಕೃತದ ಊರ್ಣಾ ಶಬ್ದದ ತದ್ಭವ. ಕುರಿ ಕಾಯುವವರು ಅದನ್ನು ತುಪ್ಪಟವೆನ್ನುವರು. ಹಕ್ಕಿಯ ಮೃದುವಾದ ಗರಿಗೆ ಹಳಗನ್ನಡದಲ್ಲಿದ್ದ ತುಪ್ಪುೞ್ ಎಂಬುದರ ಬಳಗದ ಮಾತಿದು. ಆ ಱೞಾಕ್ಷರವನ್ನು ವ್ಯಾಕರಣದ ಪಾಠದಲ್ಲಿ ಕಷ್ಟಪಟ್ಟು ಕಲಿಸುವ ಅಧ್ಯಾಪಕರು ಅದರ ಮೊಮ್ಮಗುವು ಕಂಬಳಿಯ ಮಗ್ಗದ ಬಳಿ ಆಡುತ್ತಿರುವುದನ್ನು ತೋರಿಸಿಕೊಡಬಹುದು. ಕಂಬಳಿಯ ಹಾಸುನೂಲಿಗೆ ಹುಣಿಸೆಬೀಜದ ಗಂಜಿಯನ್ನು ಹಚ್ಚಿ ನೇಯುವುದು ಈ ಕಡೆಯ ಕುರುಬರ ಕಸುಬು. ನೇಯ್ದ ಕಂಬಳಿಯನ್ನು ತಲೆಯ ಮೇಲಿಂದ ಮಡಿಸಿ ಹೊದ್ದರೆ ಕೊಪ್ಪೆ. ಮಳೆಗಾಲದಲ್ಲಿ ಕುರಿಗಾಹಿಗೆ ಅದೇ ಮನೆ.

ಹಟ್ಟಿಯ ಮಾತೆಲ್ಲವೂ ಅಚ್ಚಕನ್ನಡವೆಂದು ಭಾವಿಸುವುದು ಮಾತ್ರ ತಪ್ಪು. ಮೈಸೂರಿನ ಕಡೆ ಎಲಚಿ ಎಂಬ ದ್ರಾವಿಡ ಶಬ್ದದಿಂದ ಕರೆಯುವ ಗಿಡವನ್ನು ಇಲ್ಲಿ ಬಾರೆ ಎನ್ನುವರು. ಅದು ಸಂಸ್ಕೃತದ ಬದರಿ. ಚಳ್ಳಕೆರೆ ತಾಲ್ಲೂಕಿನಲ್ಲಿ ನಡೆಯುವ ಕ್ಯಾತಪ್ಪನ ಪರಿಷೆಯಲ್ಲಿ ಈ ಬಾರೆಯ ಮುಳ್ಳಿನಿಂದಲೇ ಗುಡಿಯನ್ನು ಕಟ್ಟಿ, ಬರಿಮೈ ಬರಿಗಾಲಿನ ಭಕ್ತರು ಅದನ್ನೇರಿ ಕಳಸವನ್ನು ಕೀಳುವರು. ಪರಿಷೆಯೆಂಬುದೂ ಸಂಸ್ಕೃತದ ಪರಿಷತ್ತೇ. ವಿದ್ವಾಂಸರ ಕೂಟಕ್ಕೂ ಮುಳ್ಳನ್ನೇರುವವರ ಜಾತ್ರೆಗೂ ಮೂಲ ಒಂದೇ ಎಂಬುದನ್ನು ಪರಿಷತ್ತಿನವರು ಮರೆಯಬಾರದು.

ಸಮಾಜದ ಕಟ್ಟಿಗೆ ಸಂಬಂಧಿಸಿದ ಮಾತುಗಳು ಇನ್ನೊಂದು ಬಗೆಯವು. ಕುಲದ ಒಳಪಂಗಡಕ್ಕೆ ಬೆಡಗು. ಒಂದೇ ಬೆಡಗಿನವರಲ್ಲಿ ಮದುವೆಯಿಲ್ಲ. ಬೆಡಗಿನ ವಚನಗಳನ್ನು ಓದಿದವರು ರೂಪಸಾಮ್ಯವೊಂದರಿಂದಲೇ ಎರಡನ್ನೂ ಬೆಸೆಯುವುದು ತರವಲ್ಲ. ನ್ಯಾಯ, ಆಚಾರಗಳ ಪೀಠ ಕಟ್ಟೆಮನೆ. ಒಂದು ದೈವಕ್ಕೆ ನಡೆದುಕೊಳ್ಳುವ ಹಟ್ಟಿಗಳ ಕೂಟ ಗುಡಿಕಟ್ಟು. ದೇವರ ದನಗಳನ್ನು ಕಾಯುವವನು ಕಿಲಾರಿ. ಇವುಗಳಲ್ಲಿ ಹಲವು ಮ್ಯಾಸಬೇಡರಲ್ಲಿಯೂ ಉಂಟು. ಕಾಡುಗೊಲ್ಲರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆಯ ಚರ್ಚೆಯಲ್ಲಿ ಹಟ್ಟಿ, ಕಟ್ಟೆಮನೆ ಮೊದಲಾದ ವ್ಯವಸ್ಥೆಗಳೇ ಅವರ ಪ್ರತ್ಯೇಕತೆಗೆ ಸಾಕ್ಷಿಯಾಗಿ ನಿಲ್ಲುತ್ತಿರುವುದರಿಂದ ಈ ಪದಗಳ ಅರ್ಥನಿರ್ಣಯವು ಪಂಡಿತರ ವಿನೋದವಾಗಿ ಉಳಿದಿಲ್ಲ.

ಹೊರಗಾಗು ಎಂಬ ಮಾತು ಕನ್ನಡನಾಡಿನಲ್ಲೆಲ್ಲ ಮುಟ್ಟಿಗೆ ಸಂಕೋಚದ ಹೆಸರು. ಹಟ್ಟಿಗಳಲ್ಲಾದರೋ ಅದು ವಾಚ್ಯಾರ್ಥವನ್ನು ಕಳೆದುಕೊಂಡಿಲ್ಲ: ಮುಟ್ಟಾದವಳೂ ಬಾಣಂತಿಯೂ ನಿಜವಾಗಿಯೇ ಬೇಲಿಯ ಹೊರಗಿನ ಗುಡಿಸಲಿನಲ್ಲಿರಬೇಕಾಗಿತ್ತು. ಹಲವೆಡೆ ಈ ರೂಢಿ ಸಡಿಲಿದರೂ ಮುಗಿದಿಲ್ಲ. ೨೦೨೩ರಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ತಾಯಿಯೊಡನೆ ಹೀಗೆ ಹೊರಗಿದ್ದ ಹಸುಗೂಸು ಮಳೆಚಳಿಗೆ ಸಿಕ್ಕಿ ತೀರಿಹೋಯಿತು. ಪದವನ್ನು ನಿಘಂಟಿಗೆ ಸೇರಿಸುವವನು ಈ ಅರ್ಥವನ್ನೂ ಮರೆಮಾಚದೆ ಬರೆಯತಕ್ಕದ್ದು. ಪದ ಉಳಿಯಲೆಂದು ರೂಢಿಯೂ ಉಳಿಯಬೇಕಾದುದಿಲ್ಲ.

ಬೇಸಾಯದ ಮಾತುಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ರಾಗಿಯ ನಡುವೆ ಕಾಳು ಬಿತ್ತುವ ಅಕ್ಕಡಿ ಸಾಲು, ಅದಕ್ಕಾಗಿ ಕೂರಿಗೆಯ ಹಿಂದೆ ಹಿಡಿಯುವ ಸಡ್ಡೆ, ಕಣದ ರೋಣಗಲ್ಲು, ಧಾನ್ಯದ ಹಗೇವು, ಎತ್ತು ಹೂಡಿ ನೀರೆತ್ತುವ ಕಪಿಲೆ ಇವು ನೆರೆಹೊರೆಯ ಎಲ್ಲ ಜಾತಿಯವರಿಗೂ ಸಾಮಾನ್ಯ. ಪಂಪುಗಳು ಬಂದ ಮೇಲೆ ಕಪಿಲೆಯು ಮುದುಕರ ಬಾಯಲ್ಲಿ ಮಾತ್ರವಿದೆ.

ಸ್ಕಾಟ್ಲಂಡಿನ ಉತ್ತರಕ್ಕಿರುವ ಶೆಟ್ಲಂಡ್ ದ್ವೀಪಗಳಲ್ಲಿ ನಾರ್ನ್ ಎಂಬ ಹಳೆಯ ಭಾಷೆಯು ಅಳಿದು ಸ್ಕಾಟ್ಸ್ ನುಡಿಯು ನೆಲೆಗೊಂಡ ಎಷ್ಟೋ ಕಾಲದ ಮೇಲೆ, ೧೮೯೩-೯೫ರಲ್ಲಿ, ಯಾಕೊಬ್ಸೆನ್ ಎಂಬ ಫೆರೋ ದ್ವೀಪದ ವಿದ್ವಾಂಸನು ಮನೆಮನೆಗೆ ಹೋಗಿ ಸುಮಾರು ಹತ್ತು ಸಾವಿರ ನಾರ್ನ್ ಮೂಲದ ಪದಗಳನ್ನು ಕೂಡಿಸಿದನು. ಕಂದುಗೆಂಪು ಕುರಿಗೆ ಅಲ್ಲಿನವರು ಹೇಳುವ ಮೂರಿಟ್ ಎಂಬುದು ಅಂತಹದೊಂದು ಮಾತು. ಭಾಷೆ ಸತ್ತರೂ ಕುರಿಯ ಬಣ್ಣದ ಹೆಸರು ಸಾಯಲಿಲ್ಲ, ಕುರಿಯಿದ್ದುದರಿಂದ. ಕನ್ನಡದಲ್ಲಿ ಕಿಟ್ಟೆಲರ ನಿಘಂಟು (೧೮೯೪) ಆಡುಮಾತಿಗೂ ಎಡೆಕೊಟ್ಟಿತು; ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಹೆಚ್ಚಾಗಿ ಶಾಸನ ಮತ್ತು ಗ್ರಂಥಗಳ ಪ್ರಯೋಗವನ್ನು ಆಧರಿಸಿತು. ಬರೆಹಕ್ಕೆ ಬಾರದವರ ಮಾತು ಅಂತಹ ಆಧಾರಕ್ಕೆ ಸಿಕ್ಕುವುದು ಅಪೂರ್ವ. ತೀ. ನಂ. ಶಂಕರನಾರಾಯಣರು ಕಾಡುಗೊಲ್ಲರ ಸಂಪ್ರದಾಯಗಳನ್ನು ಕುರಿತು ನಡೆಸಿದ ಅಧ್ಯಯನವೂ, ಅಕ್ಷರವರಿಯದ ಸಿರಿಯಜ್ಜಿಯ ಪದಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿದುದೂ ಈ ಕೊರತೆಯನ್ನು ಸ್ವಲ್ಪ ತುಂಬಿವೆ. ಹಾಡಿನಲ್ಲಿ ಸೇರದ ನಿತ್ಯದ ಮಾತುಗಳ ಸಂಗ್ರಹವಾಗಬೇಕಾದರೆ ಪ್ರಶ್ನಾವಳಿ ಹಿಡಿದು ಚಾವಡಿಯಲ್ಲಿ ಕೂರುವುದು ಸಾಲದು. ರೊಪ್ಪದಲ್ಲಿ ಸಂಜೆ ಕುರಿಗಳನ್ನು ಕೂಡುವ ಹೊತ್ತಿಗೆ, ಒಂದೊಂದನ್ನೂ ಹೆಸರು ಹಿಡಿದು ಕರೆಯುವಾಗ, ಅಲ್ಲಿರಬೇಕು.