ನಿಮಗಿದು ಗೊತ್ತೇ? ಕುನ್ನಿ ತರುವ ಮೊದಲು

ಮೈಲಾರಲಿಂಗನ ಜೊತೆಗಾರ ಯಾರು ಗೊತ್ತೇ? ನಾಯಿ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಹಾನವಮಿಯ ಹೊತ್ತಿಗೆ ಗೊರವಪ್ಪ ಬಿಲ್ಲೇರಿ ಕಾರ್ಣಿಕದ ಭವಿಷ್ಯ ನುಡಿಯುವುದನ್ನು ಎಲ್ಲರೂ ಬಲ್ಲರು. ಅದೇ ಮೈಲಾರ ಪರಂಪರೆಯ ಗೊರವರು ಕರಿ ಕಂಬಳಿ ಹೊದ್ದು, ತಾವೇ ದೇವರ ನಾಯಿಗಳೆಂದು ಬೊಗಳುತ್ತಾರೆ. ದೋಣಿ ಎಂಬ ಪಾತ್ರೆಗೆ ಹಾಕಿದ ಹಾಲು, ಬಾಳೆಹಣ್ಣನ್ನು ಕೈ ತಾಗಿಸದೆ ಬಾಯಿಂದಲೇ ಉಣ್ಣುತ್ತಾರೆ.

ಗೊರವನಿಗೂ ನಾಯಿಗೂ ಇರುವ ಇನ್ನೊಂದು ನಂಟು ಕಲ್ಲಿನ ಮೇಲಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಕ್ರಿ.ಶ. 949-50ರದು. ತಕ್ಕೋಲದ ಕಾಳಗದಲ್ಲಿ ಶೌರ್ಯ ತೋರಿದ ಮಣಲೆರನಿಗೆ ಗಂಗರ ಅರಸ ಬೂತುಗ ‘ಬೇಕಾದ್ದು ಕೇಳು’ ಎಂದ. ಆತ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಅರಸನ ನಾಯಿ ಕಾಳಿಯನ್ನು ಕೇಳಿ ಪಡೆದ. ಮುಂದೆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಸೆಣಸಿ, ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ಆ ಭೂಮಿ ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ಪಾಪ ತಟ್ಟುತ್ತದೆಂದೂ ಕೆತ್ತಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಈಗಿನ ಕಾನೂನಿನ ಲೆಕ್ಕ ಬೇರೆ. ಸಾಕಿದ ಪ್ರಾಣಿಯನ್ನು ಹಸಿವು, ನೀರಡಿಕೆಯಿಂದ ನರಳುವಂತೆ ಎಲ್ಲೋ ಬಿಟ್ಟು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊದಲ ಸಲದ ದಂಡ ಹತ್ತು ರೂಪಾಯಿಗೆ ಕಡಿಮೆಯಿಲ್ಲ, 50 ರೂಪಾಯಿಗೆ ಹೆಚ್ಚಿಲ್ಲ. ಹೌದು, ಬರೀ ಐವತ್ತು. ಹಾವೇರಿಯಲ್ಲಿ ಇಬ್ಬರು ಗಿರ್ಮಿಟ್, ಮಿರ್ಚಿ ತಿಂದೆದ್ದರೆ ಅಷ್ಟಾಗುತ್ತದೆ.

ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. ನಾಯಿಯನ್ನು ಸದಾ ಸರಪಳಿಯಲ್ಲೇ ಕಟ್ಟಿ, ಓಡಾಡಿಸದೆ ಇಡುವುದೂ ಅಪರಾಧ. ಹಿತ್ತಲಿನ ಪೇರಲ ಗಿಡಕ್ಕೆ ವರ್ಷವಿಡೀ ಕಟ್ಟಿದ ನಾಯಿ ಕಂಡವರನ್ನೆಲ್ಲ ಬೊಗಳುತ್ತದೆ, ‘ಇದರ ಕಾಟ ಸಾಕಪ್ಪ’ ಅನ್ನಿಸುತ್ತದೆ, ಒಂದು ರಾತ್ರಿ ಗಾಡಿ ಹತ್ತಿಸಿ ಹೆದ್ದಾರಿ ಬದಿಗೆ ಇಳಿಸುತ್ತಾರೆ. ಬೆಳಿಗ್ಗೆ, ಸಂಜೆ ಅರ್ಧರ್ಧ ತಾಸು ಓಣಿ ಸುತ್ತಿಸಿದ್ದರೆ ಆ ಬೊಗಳಾಟ ಬಹಳಷ್ಟು ಇಳಿಯುತ್ತಿತ್ತು.

ತಿಂಗಳ ಕುನ್ನಿ ನೋಡಲು ಮುದ್ದು. ಆದರೆ 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಎಷ್ಟು ಜೋರಾಗಿ ಕಚ್ಚಿದರೆ ನೋಯುತ್ತದೆ ಎಂಬುದನ್ನು ಮರಿ ಕಲಿಯುವುದು ತಾಯಿ, ಒಡಹುಟ್ಟಿದವರ ಜೊತೆ ಆಡುತ್ತಲೇ. ಆ ಪಾಠ ತಪ್ಪಿಸಿ ತಂದ ಮರಿ ನಿಮ್ಮ ಮಕ್ಕಳ ಕೈಮೇಲೆ ಕಲಿಯುತ್ತದೆ.

ಹೆಣ್ಣುನಾಯಿಯ ಬಸಿರು 63 ದಿನಗಳ ಆಸುಪಾಸು. ಬೆದೆ ಸುಮಾರಾಗಿ ಆರು ತಿಂಗಳಿಗೊಮ್ಮೆ. ಹುಟ್ಟಿದ ಮರಿಗಳಲ್ಲಿ ಗಂಡನ್ನು ಕೇಳಿ ಒಯ್ಯುತ್ತಾರೆ, ಹೆಣ್ಣು ಉಳಿಯುತ್ತವೆ. ಉಳಿದವು ಗೋಣಿಚೀಲದಲ್ಲಿ ಎಲ್ಲಿಗೆ ಹೋಗುತ್ತವೆ ಎಂಬುದು ಮಾರುಕಟ್ಟೆಯ ಬೆಳಗಿನ ಹಮಾಲರಿಗೆ ಗೊತ್ತು. ‘ಒಂದು ಸಲ ಮರಿ ಹಾಕಲಿ, ಆಮೇಲೆ ಆಪರೇಷನ್ ಮಾಡಿಸೋಣ’ ಎನ್ನುವುದಕ್ಕೆ ವೈದ್ಯಕೀಯ ಆಧಾರವಿಲ್ಲ. ಬೇಗ ಮಾಡಿಸಿದರೆ ಕೆಚ್ಚಲು ಗಡ್ಡೆಯ ಭಯ ಕಡಿಮೆ, ಗರ್ಭಕೋಶ ಕೀವುಗಟ್ಟಿ ಸಾಯುವ ಭಯವೂ ಇಲ್ಲವಾಗುತ್ತದೆ. ಸಾಕುನಾಯಿಗೆ ಜಂತಿನ ಔಷಧ, ಲಸಿಕೆ, ಸಂತಾನಹರಣ ಮೂರೂ ಮಾಲೀಕನದೇ ಹೊಣೆ ಎಂದು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೇಳುತ್ತವೆ. ನಗರಸಭೆ ಮಾಡಲಿ ಎಂದು ಕಾಯುವುದು ಬೀದಿನಾಯಿಯ ಮಾತು, ನಿಮ್ಮ ನಾಯಿಯದಲ್ಲ.

‘ಬಸ್ ನಿಲ್ದಾಣದಲ್ಲಿ ಬಿಟ್ಟರೆ ಯಾರಾದರೂ ಅನ್ನ ಹಾಕುತ್ತಾರೆ’ ಎಂಬ ಸಮಾಧಾನವೂ ಈಗ ನಡೆಯದು. ಬಸ್ ಮತ್ತು ರೈಲು ನಿಲ್ದಾಣ, ಶಾಲೆ, ಆಸ್ಪತ್ರೆಗಳ ಆವರಣದಿಂದ ನಾಯಿಗಳನ್ನು ಹಿಡಿದು ಆಶ್ರಯತಾಣಕ್ಕೆ ಸಾಗಿಸಬೇಕು, ಮರಳಿ ಅಲ್ಲಿಯೇ ಬಿಡಕೂಡದು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿದೆ.

ಇನ್ನು ಬ್ಯಾಡಗಿಗೆ ಬರೋಣ. ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ಹೆಸರಾದ ಇಲ್ಲಿನ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಹೋಳಿಗೆ ಸಾರಿಗೆ ಅದು ಬೇಕು, ನಾಯಿ ಕಚ್ಚಿದ ಗಾಯಕ್ಕೆ ಮಾತ್ರ ಬೇಡ. ಗಾಯಕ್ಕೆ ಖಾರದಪುಡಿ, ಸುಣ್ಣ, ಎಣ್ಣೆ ಮೆತ್ತುವ ಅಭ್ಯಾಸ ನಮ್ಮ ಹಳ್ಳಿಗಳನ್ನು ಇನ್ನೂ ಬಿಟ್ಟಿಲ್ಲ. ಇದರಿಂದ ಗಾಯ ಕೆರಳುತ್ತದೆ, ತೊಳೆಯುವ ಕೆಲಸ ಹಿಂದೆ ಬೀಳುತ್ತದೆ. ರೇಬೀಸ್ ವೈರಸ್ಸಿನ ಹೊರಕವಚ ಕೊಬ್ಬಿನದು. ಅದು ಅಂಜುವುದು ಖಾರಕ್ಕಲ್ಲ, ಸೋಪಿಗೆ. ಹರಿಯುವ ನೀರಿನಲ್ಲಿ 15 ನಿಮಿಷ ಸೋಪು ಹಚ್ಚಿ ತೊಳೆಯಿರಿ, ಗಡಿಯಾರ ನೋಡಿಯೇ. ಆಮೇಲೆ ನೇರ ಆಸ್ಪತ್ರೆಗೆ.

ಅಲ್ಲಿ ಈಗ ಹೊಟ್ಟೆಗೆ 14 ಚುಚ್ಚುವುದಿಲ್ಲ. ಆ ಹಳೆಯ ಲಸಿಕೆಯ ತಯಾರಿಕೆಯನ್ನು ದೇಶದಲ್ಲಿ 2004ರ ಕೊನೆಗೇ ನಿಲ್ಲಿಸಲಾಗಿದೆ. ಈಗ ತೋಳಿನ ಚರ್ಮದೊಳಗೆ, ಮೊದಲ ದಿನ, ಮೂರು, ಏಳು ಮತ್ತು 28ನೇ ದಿನ. ಚರ್ಮ ಸೀಳಿ ರಕ್ತ ಬಂದಿದ್ದರೆ ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲೋಬ್ಯುಲಿನ್ ಚುಚ್ಚುಮದ್ದು ಕೂಡ ಬೇಕು. ‘ಮನೆ ನಾಯಿ, ಏನಾಗುತ್ತೆ’ ಎನ್ನಬೇಡಿ. ಲಸಿಕೆ ಹಾಕಿಸದ ಮನೆ ಮರಿಯಿಂದಲೂ ರೇಬೀಸ್ ಬರಬಹುದು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಮರಿಗೆ ಮೂರು ತಿಂಗಳಾದಾಗ ಮೊದಲ ರೇಬೀಸ್ ಲಸಿಕೆ, ನಂತರ ಪಶುವೈದ್ಯರು ಹೇಳಿದಂತೆ ಪ್ರತಿ ವರ್ಷ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ರೇಬೀಸ್ ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರ್ ತೀರಿಕೊಂಡ ದಿನ. ತಾರೀಖು ನೆನಪಿಡಲು ಅದೇ ಸುಲಭ.

ಉಳ್ಳಾಗಡ್ಡಿ, ಬೆಳ್ಳುಳ್ಳಿ ಬೆಳೆಯುವ ಸೀಮೆಯವರಿಗೆ ಒಂದು ಕಿವಿಮಾತು: ಇವೆರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ವಿಷ ಹೋಗದು. ಉಳಿದ ಸಾರು ಕಲಸಿ ಹಾಕುವ ಮುನ್ನ ಯೋಚಿಸಿ. ದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ.

ಹಸ್ಕಿ ನಾಯಿ ಸೈಬೀರಿಯಾದ ಹಿಮದಲ್ಲಿ ಜಾರುಬಂಡಿ ಎಳೆಯಲು ಹುಟ್ಟಿದ್ದು. ರಾಣೆಬೆನ್ನೂರಿನ ಏಪ್ರಿಲ್ ಬಿಸಿಲಿಗೆ ಅದನ್ನು ತಂದವರಿಗೆ ಏನು ಹೇಳೋಣ? ನಾಯಿ ಮೈತುಂಬ ಬೆವರುವುದಿಲ್ಲ. ಮುಖ್ಯವಾಗಿ ನಾಲಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ನಮ್ಮದೇ ಮುಧೋಳ ನಾಯಿ ಈ ಬಿಸಿಲಿನದೇ ಕೂಸು; 2005ರಲ್ಲಿ ಅಂಚೆಚೀಟಿ ಏರಿತು, ಸೇನೆಯನ್ನೂ ಸೇರಿತು. ಅದಕ್ಕೂ ಓಡಲು ಬಯಲು ಬೇಕು, ಎರಡನೇ ಮಹಡಿಯ ಬಾಲ್ಕನಿ ಸಾಲದು.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೆ 1974ರಿಂದ ರಕ್ಷಣೆಯಿದೆ, ವಿಸ್ತಾರ 119 ಚದರ ಕಿಲೋಮೀಟರ್. ಕೃಷ್ಣಮೃಗದ ಜೊತೆ ತೋಳ, ನರಿ, ಕತ್ತೆಕಿರುಬಗಳೂ ಇವೆ. ಅಂಥ ಕಾಡಂಚಿನಲ್ಲಿ ಬಿಟ್ಟ ನಾಯಿಗಳು ಗುಂಪು ಕಟ್ಟಿ ಕೃಷ್ಣಮೃಗದ ಮರಿಗಳನ್ನು ಅಟ್ಟಾಡಿಸುತ್ತವೆ. ನಾಯಿಯ ಡಿಸ್ಟೆಂಪರ್ ರೋಗ ಕಾಡುಪ್ರಾಣಿಗೂ ಅಂಟುತ್ತದೆ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯ ಸಿಂಹಗಳಲ್ಲಿ ಮೂರನೇ ಒಂದು ಪಾಲು ಅದರಿಂದಲೇ ಸತ್ತವು. ನಿಮ್ಮ ಕುನ್ನಿಗೆ ಹಾಕಿಸುವ ಲಸಿಕೆ ಅಷ್ಟು ದೂರ ಮುಟ್ಟುತ್ತದೆ.

ದೀಪಾವಳಿ ಬಂದರೆ ಹಾವೇರಿ ಸೀಮೆಗೆ ಹೋರಿ ಹಬ್ಬ. ಕೊಬ್ಬರಿ ಹಾರ, ಬಲೂನು, ಹೋರಿಗೊಂದು ಹೆಸರು, ಆ ಹೆಸರಿಗೆ ಅಭಿಮಾನಿಗಳು. ಅದೇ ದಿನಗಳಲ್ಲಿ ಪಟಾಕಿಗೆ ಬೆದರಿದ ನಾಯಿ ದಾರಿ ತಪ್ಪಿ ಮತ್ತೊಂದು ಊರು ಸೇರಿರುತ್ತದೆ. ನಮಗೆ ಕೇಳದ ಸೂಕ್ಷ್ಮ ದನಿಯೂ ಅದರ ಕಿವಿಗೆ ಕೇಳುತ್ತದೆ, ಸರಪಟಾಕಿ ಹೇಗಿದ್ದೀತು? ಒಳಕೋಣೆಯಲ್ಲಿಡಿ, ಕೊರಳಪಟ್ಟಿಯ ಮೇಲೆ ನಿಮ್ಮ ಮೊಬೈಲ್ ಸಂಖ್ಯೆ ಬರೆಯಿರಿ. ಹೋರಿಗೆ ಅಷ್ಟು ಸಿಂಗಾರ ಮಾಡುವವರಿಗೆ ಇದು ಎಷ್ಟರ ಕೆಲಸ!

ನಾಯಿಯ ಆಯುಷ್ಯ ಸಾಮಾನ್ಯವಾಗಿ ಹತ್ತರಿಂದ ಹದಿಮೂರು ವರ್ಷ. ಒಂದನೇ ತರಗತಿಯ ಮಗ ಹಠ ಮಾಡಿ ತರಿಸಿದ ಕುನ್ನಿ, ಅವನು ಪಿಯುಸಿ ಮುಗಿಸಿ ಧಾರವಾಡದ ಬಸ್ಸು ಹತ್ತುವಾಗಲೂ ಮನೆಯಲ್ಲಿಯೇ ಇರುತ್ತದೆ. ಆಮೇಲೆ ಅದಕ್ಕೆ ಊಟ ಹಾಕುವವಳು ತಾಯಿ. ತರುವ ಮೊದಲು ಆಕೆಯನ್ನೊಂದು ಮಾತು ಕೇಳಿದ್ದೀರಾ?