ಮುಟ್ಟುವ ಮೊದಲು ನೋಡುವವರು

ಆಂಬ್ಯುಲೆನ್ಸ್ ಬಂದು ನಿಂತಮೇಲೂ ಒಳಗಿದ್ದವರು ತಕ್ಷಣ ಓಡಿಬರಲಿಲ್ಲ, ಅತ್ತಿತ್ತ ನೋಡುತ್ತ ನಿಂತಿದ್ದರು ಎಂಬ ದೂರು ಅಪಘಾತ ಕಂಡವರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ದೂರು ನಿಜವೇ. ಆದರೆ ಆ ನಾಲ್ಕಾರು ಸೆಕೆಂಡು ಅವರು ಸುಮ್ಮನೆ ನಿಂತಿರುವುದಿಲ್ಲ. ಕರೆಂಟಿನ ತಂತಿ ತುಂಡಾಗಿ ಬಿದ್ದಿದೆಯೇ, ರಸ್ತೆಯ ಮೇಲೆ ಹರಿದಿರುವುದು ನೀರೋ ಪೆಟ್ರೋಲೋ, ಹಿಂದಿನಿಂದ ಬರುವ ಲಾರಿಯವನಿಗೆ ಈ ಗುಂಪು ಕಾಣುತ್ತದೆಯೇ, ಬಿದ್ದವರು ಒಬ್ಬರೋ ಮೂವರೋ, ಬೈಕಿನ ಹ್ಯಾಂಡಲ್ ಎಷ್ಟು ಸೊಟ್ಟಗಾಗಿದೆ, ಎಲ್ಲವನ್ನೂ ಕಣ್ಣು ಓದಿ ಮುಗಿಸಬೇಕು. ಕಾರಿನ ಮುಂದಿನ ಗಾಜು ಒಳಗಿನಿಂದ ಹೊರಕ್ಕೆ ಉಬ್ಬಿ ಒಡೆದಿದ್ದರೆ ಯಾರದೋ ತಲೆ ಅದಕ್ಕೆ ಬಡಿದಿದೆ ಎಂದರ್ಥ. ಆ ತಲೆಯ ಯಜಮಾನ ಪಕ್ಕದಲ್ಲೇ ನಿಂತು ‘ನನಗೇನೂ ಆಗಿಲ್ಲ ಬಿಡಿ’ ಅನ್ನುತ್ತಿದ್ದರೂ ಅವನನ್ನು ಬಿಡುವಂತಿಲ್ಲ. ಇನ್ನು ಕಾಪಾಡಲು ಬಂದವರೇ ತಂತಿ ತುಳಿದು ಬಿದ್ದರೆ ಗಾಯಾಳುಗಳ ಲೆಕ್ಕಕ್ಕೆ ಒಬ್ಬರು ಹೆಚ್ಚು, ನೆರವಿನ ಕೈಗಳ ಲೆಕ್ಕಕ್ಕೆ ಎರಡು ಕಮ್ಮಿ.

ಹೀಗೆ ನಿಂತು ನೋಡುವುದೇ ಇಎಂಟಿ, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞರ ಕಸುಬಿನ ತಳಪಾಯ. ನಮ್ಮ ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ ಹೆಸರಿನಲ್ಲಿ 108 ಸೇವೆ ಶುರುವಾದಾಗಿನಿಂದ ಈ ಹುದ್ದೆ ಹಳ್ಳಿಹಳ್ಳಿಗೂ ಪರಿಚಯವಾಯಿತು. ಗಾಡಿಯಲ್ಲಿ ಇರುವವರು ಇಬ್ಬರೇ. ಸ್ಟಿಯರಿಂಗ್ ಹಿಡಿದವರನ್ನು ಪೈಲಟ್ ಅನ್ನುತ್ತಾರೆ, ಹಿಂದೆ ರೋಗಿಯ ಜೊತೆ ಇರುವವರು ಇಎಂಟಿ. ಇಲ್ಲಿ ಹೆಚ್ಚಿನವರು ನರ್ಸಿಂಗ್ ಓದಿ ಬಂದವರು. ಆಸ್ಪತ್ರೆಯಲ್ಲಿ ಕಲಿತದ್ದೆಲ್ಲ ಕೈಯಲ್ಲಿರುತ್ತದೆ. ಆದರೆ ಅಲ್ಲಿದ್ದ ಬೆಳಕು, ಎತ್ತರದ ಮಂಚ, ಪಕ್ಕದ ಕೋಣೆಯ ಡಾಕ್ಟರು ಇಲ್ಲಿರುವುದಿಲ್ಲ. ಚರಂಡಿಯೊಳಗೆ ಮಂಡಿಯೂರಿ ಮೊಬೈಲಿನ ಬೆಳಕಿನಲ್ಲಿ ರಕ್ತನಾಳ ಹುಡುಕುವುದು ಬೇರೆಯದೇ ವಿದ್ಯೆ.

ಈ ವಿದ್ಯೆಗೆ ವಯಸ್ಸೂ ಹೆಚ್ಚಾಗಿಲ್ಲ. 1960ರ ದಶಕದವರೆಗೂ ಅಮೆರಿಕದ ಎಷ್ಟೋ ಊರುಗಳಲ್ಲಿ ಗಾಯಾಳುವನ್ನು ಒಯ್ಯುತ್ತಿದ್ದದ್ದು ಪೊಲೀಸ್ ವ್ಯಾನು, ಇಲ್ಲವೇ ಶವಸಂಸ್ಕಾರದವರ ಗಾಡಿ. ಮಲಗಿಸಿಕೊಂಡು ಓಡಿಸುವುದಷ್ಟೇ ಕೆಲಸ. 1967ರಲ್ಲಿ ಪಿಟ್ಸ್‌ಬರ್ಗ್ ನಗರದ ಕಪ್ಪುಜನರ ಬಡಾವಣೆಯೊಂದರಲ್ಲಿ ‘ಫ್ರೀಡಂ ಹೌಸ್’ ಎಂಬ ಆಂಬ್ಯುಲೆನ್ಸ್ ಸೇವೆ ಹುಟ್ಟಿಕೊಂಡಿತು. ಅದಕ್ಕೆ ಪಾಠ ಕಟ್ಟಿಕೊಟ್ಟವರು ಅರಿವಳಿಕೆ ತಜ್ಞ ಪೀಟರ್ ಸಫಾರ್. ಬಾಯಿಗೆ ಬಾಯಿಟ್ಟು ಉಸಿರು ಊದುವ ಕ್ರಮ ಕೆಲಸ ಮಾಡುತ್ತದೆಂದು ಪ್ರಯೋಗ ಮಾಡಿ ತೋರಿಸಿದವರು ಅವರೇ. ಫ್ರೀಡಂ ಹೌಸ್ ಶುರುವಾಗುವ ಹಿಂದಿನ ವರ್ಷವಷ್ಟೇ ಅವರ ಮಗಳು ಆಸ್ತಮಾ ಉಲ್ಬಣಿಸಿ ತೀರಿಕೊಂಡಿದ್ದಳು. ಕೆಲಸ ಸಿಗದೆ ಅಲೆಯುತ್ತಿದ್ದ ಕಪ್ಪು ಹುಡುಗರನ್ನು ಸೇರಿಸಿ ತಿಂಗಳುಗಟ್ಟಲೆ ತರಬೇತಿ ಕೊಟ್ಟರು. ಆಮೇಲೆ ಬಂದ ಡಾಕ್ಟರ್ ನ್ಯಾನ್ಸಿ ಕ್ಯಾರೊಲಿನ್ ಆ ಹುಡುಗರ ಜೊತೆ ಗಾಡಿಯಲ್ಲೇ ಓಡಾಡಿ, ಮುಂದೆ ಈ ಕ್ಷೇತ್ರದ ಪಠ್ಯಪುಸ್ತಕ ಬರೆದರು. ಸೇವೆ 1975ರಲ್ಲಿ ಮುಚ್ಚಿಹೋಯಿತು, ಪಾಠ ಉಳಿಯಿತು.

ಪಾಠದ ತಿರುಳು ಒಂದು ಕ್ರಮ. ಮೊದಲು ಧಾರಾಕಾರ ರಕ್ತ ಸೋರುತ್ತಿದ್ದರೆ ಅದನ್ನು ಒತ್ತಿ ಹಿಡಿ. ಆಮೇಲೆ ಶ್ವಾಸದ ದಾರಿ ತೆರೆದಿದೆಯೇ, ಉಸಿರಾಡುತ್ತಿದ್ದಾರೆಯೇ, ರಕ್ತ ಓಡುತ್ತಿದೆಯೇ, ಪ್ರಜ್ಞೆ ಎಷ್ಟಿದೆ ಎಂದು ನೋಡುತ್ತ ಹೋಗು. ಮುರಿದು ತಿರುಚಿಕೊಂಡ ಕಾಲು ಕಣ್ಣಿಗೆ ರಾಚುತ್ತದೆ, ಸುತ್ತಲಿನವರೆಲ್ಲ ಅದನ್ನೇ ತೋರಿಸಿ ಕೂಗುತ್ತಾರೆ. ಪಳಗಿದ ಇಎಂಟಿ ಅದನ್ನು ದಾಟಿ ಮೊದಲು ಮುಖದ ಹತ್ತಿರ ಹೋಗುತ್ತಾರೆ. ಕಾಲು ಮುರಿದವನು ಕಿರುಚುತ್ತಿದ್ದಾನೆಂದರೆ ಅವನ ಶ್ವಾಸದ ದಾರಿ ತೆರೆದಿದೆ ಎಂಬ ಶುಭಸುದ್ದಿ ಸಿಕ್ಕಿತು. ಅಂಗಾತ ಬಿದ್ದು ಸದ್ದಿಲ್ಲದೆ ಇರುವವನ ಬಗ್ಗೆಯೇ ಭಯ. ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚಲು ಹೆಚ್ಚು ಹೊತ್ತು ಬೇಕಿಲ್ಲ.

ನನಗೆ ತೀರಾ ಬೆರಗು ತರಿಸುವುದು ಅವರು ನಾಡಿ ಹಿಡಿಯುವ ಬಗೆ. ದೊಡ್ಡವರ ಮೈಯಲ್ಲಿ ಹೆಚ್ಚುಕಡಿಮೆ 5 ಲೀಟರ್ ರಕ್ತ ಇರುತ್ತದೆ. ಅದರಲ್ಲಿ ಒಂದೂವರೆ ಲೀಟರಿನವರೆಗೆ ಹೋದರೂ ಮಲಗಿದವರ ಬಿಪಿ ಸರಿಯಾಗಿಯೇ ಕಾಣಬಹುದು. ಯಾಕೆಂದರೆ ಮೈ ಜಾಣತನ ಮಾಡುತ್ತದೆ: ಹೃದಯವನ್ನು ಜೋರಾಗಿ ಓಡಿಸಿ, ಕೈಕಾಲಿನ ರಕ್ತನಾಳ ಬಿಗಿಸಿ, ಇದ್ದ ರಕ್ತವನ್ನು ಮಿದುಳು ಹೃದಯಗಳಿಗೆ ಮೀಸಲಿಡುತ್ತದೆ. ಯಂತ್ರ 120/80 ಎಂದು ತೋರಿಸುವಾಗಲೇ ನಾಡಿ 120ರತ್ತ ಏರಿರುತ್ತದೆ, ಅಂಗೈ ತಣ್ಣಗೆ ಒದ್ದೆಯಾಗಿರುತ್ತದೆ, ರೋಗಿ ಸುಮ್ಮಸುಮ್ಮನೆ ಚಡಪಡಿಸುತ್ತಾನೆ. ತೊಡೆಮೂಳೆ ಮುರಿದರೆ ಹೊರಗೆ ಒಂದು ಹನಿ ಕಾಣದಂತೆ ಒಂದು ಲೀಟರಿಗೂ ಮಿಕ್ಕಿ ರಕ್ತ ತೊಡೆಯೊಳಗೇ ಸೋರಿಹೋಗಬಹುದು. ಹಾಗಾಗಿ ಇಎಂಟಿ ಬಿಪಿಗೆ ಕಾಯುವುದಿಲ್ಲ. ಬೆರಳಿನ ಉಗುರು ಒತ್ತಿ ಬಿಡುತ್ತಾರೆ. ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ತಡವಾದರೆ ಪೈಲಟ್‌ಗೆ ಹೇಳುವ ಮಾತೇ ಬದಲಾಗುತ್ತದೆ. ಬಿಪಿ ಕುಸಿದಾಗ ಎಚ್ಚೆತ್ತುಕೊಳ್ಳುವವರು ಆಗಲೇ ತಡಮಾಡಿದ್ದಾರೆ.

ಇನ್ನು ಹೆಲ್ಮೆಟ್. ಬೈಕಿನಿಂದ ಬಿದ್ದವರ ಹೆಲ್ಮೆಟ್ಟನ್ನು ಹಿಡಿದೆಳೆದು ತೆಗೆಯುವುದು, ಕೈಕಾಲು ಹಿಡಿದು ಎತ್ತಿ ಆಟೋಕ್ಕೆ ಹಾಕುವುದು, ಬಾಯಿಗೆ ನೀರು ಹುಯ್ಯುವುದು, ಇವು ನಮ್ಮ ಜನರ ಮೂರು ಉಪಕಾರಗಳು. ಕುತ್ತಿಗೆಯ ಮೂಳೆ ಮುರಿದಿದ್ದರೆ ಒಂದು ಎಳೆತ ಸಾಕು, ಜೀವಮಾನವಿಡೀ ಕೈಕಾಲಿನ ಸ್ವಾಧೀನ ಹೋಗುತ್ತದೆ. ಇಎಂಟಿ ಮತ್ತು ಪೈಲಟ್ ಸೇರಿ ಹೆಲ್ಮೆಟ್ ತೆಗೆಯುವುದನ್ನು ಹತ್ತಿರದಿಂದ ನೋಡಬೇಕು. ಒಬ್ಬರು ತಲೆಯ ಕಡೆ ಮಂಡಿಯೂರಿ ಹೆಲ್ಮೆಟ್ಟನ್ನು ಎರಡೂ ಬದಿಯಿಂದ ಅಲುಗದಂತೆ ಹಿಡಿಯುತ್ತಾರೆ. ಇನ್ನೊಬ್ಬರು ಪಟ್ಟಿ ಬಿಚ್ಚಿ ಅಥವಾ ಕತ್ತರಿಸಿ, ಒಂದು ಕೈಯಿಂದ ದವಡೆ, ಇನ್ನೊಂದನ್ನು ಕುತ್ತಿಗೆಯಡಿ ತೂರಿಸಿ ಹಿಂದಲೆಗೆ ಆಸರೆ ಕೊಡುತ್ತಾರೆ. ಆಮೇಲೆ ಮೊದಲನೆಯವರು ಹೆಲ್ಮೆಟ್ಟಿನ ಬದಿಗಳನ್ನು ಹೊರಕ್ಕೆ ಅಗಲಿಸಿ, ಮೂಗಿಗೆ ತಾಗದಂತೆ ತುಸು ಓರೆಮಾಡಿ, ಬೆರಳು ಬೆರಳಷ್ಟೇ ಈಚೆಗೆ ಸರಿಸುತ್ತಾರೆ. ತಲೆಯ ಭಾರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ ‘ಹಿಡಿದಿದ್ದೀರಾ?’ ‘ಹಿಡಿದಿದ್ದೀನಿ’ ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ. ಕುತ್ತಿಗೆಗೆ ಕಾಲರ್ ಹಾಕಿ ಹಲಗೆಗೆ ಹೊರಳಿಸುವಾಗಲೂ ಎಣಿಕೆ ತಲೆ ಹಿಡಿದವರದೇ. ಅವರು ‘ಮೂರು’ ಎನ್ನುವವರೆಗೆ ಸೊಂಟ ಹಿಡಿದವರು ಎಷ್ಟೇ ಬಲಶಾಲಿಯಾಗಿದ್ದರೂ ಅಲ್ಲಾಡುವಂತಿಲ್ಲ.

ಗುಂಪನ್ನು ಗದರಿಸಿ ಓಡಿಸುವ ಬದಲು ಅದಕ್ಕೆ ಕೆಲಸ ಹಚ್ಚುವುದು ಇನ್ನೊಂದು ಜಾಣ್ಮೆ. ‘ಅಣ್ಣಾ, ನೀವು ಆ ಕಡೆ ಗಾಡಿ ನಿಲ್ಲಿಸಿ’, ‘ತಮ್ಮಾ, ವಿಡಿಯೊ ಸಾಕು, ಆ ಟಾರ್ಚ್ ಇಲ್ಲಿ ಹಾಕು’ ಅಂದರೆ ಅರ್ಧ ಗುಂಪು ಸಹಾಯಕರಾಗಿ ಬದಲಾಗುತ್ತದೆ.

ಯಂತ್ರಗಳ ವಿಷಯದಲ್ಲಿ ಅವರ ಸಂಶಯಬುದ್ಧಿ ಮೆಚ್ಚುವಂಥದ್ದು. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೊರೋನಾ ಕಾಲದಲ್ಲಿ ಮನೆಮನೆಗೂ ಬಂತು. ತಣ್ಣಗಾದ ಬೆರಳಿನಲ್ಲಿ ಅದು ತಪ್ಪು ಲೆಕ್ಕ ಕೊಡಬಹುದೆಂದೂ, ಬೆಂಕಿಯ ಹೊಗೆ ಕುಡಿದವರಲ್ಲಿ ಇಂಗಾಲದ ಮೊನಾಕ್ಸೈಡನ್ನೇ ಆಮ್ಲಜನಕವೆಂದು ಭ್ರಮಿಸಿ 98 ಎಂದು ತೋರಿಸಬಹುದೆಂದೂ ಇಎಂಟಿಗೆ ಗೊತ್ತಿರಬೇಕು. ಆಕ್ಸಿಜನ್ ಸಿಲಿಂಡರಿನದು ಬರಿ ಗಣಿತ: ತುಂಬಿದ ಬಿ-ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಇದೆ, ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಎರಡೂವರೆ ಗಂಟೆ. ಮುಳ್ಳು ಅರ್ಧಕ್ಕೆ ಇಳಿದಿದ್ದರೆ ದೂರದ ಜಿಲ್ಲಾಸ್ಪತ್ರೆಗೆ ಹೊರಡುವ ಮೊದಲೇ ಯೋಚಿಸಬೇಕು. ಪಾಳಿ ಬದಲಾದ ಕೂಡಲೇ ಉಸಿರು ತುಂಬುವ ಅಂಬು ಬ್ಯಾಗ್ ಒತ್ತಿ ನೋಡುವುದು, ಬಾಯಿಯ ನೀರು ಹೀರುವ ಸಕ್ಷನ್ ಓಡಿಸಿ ನೋಡುವುದು, ಸಿಲಿಂಡರಿನ ಸ್ಪ್ಯಾನರ್ ಇದ್ದಲ್ಲೇ ಇದೆಯೇ ಎಂದು ಮುಟ್ಟಿ ನೋಡುವುದು ಇದಕ್ಕೇ. ಅಡುಗೆಯವಳ ಕೈ ಒಗ್ಗರಣೆ ಡಬ್ಬಿಗೆ ಹೋದಂತೆ, ನೋಡದೆಯೇ ಕೈ ಹೋಗಬೇಕು.

ಹೃದಯ ನಿಂತವರಿಗೆ ಎದೆ ಒತ್ತುವ ವಿಧಾನ ಈಗ ಶಾಲೆಗಳಲ್ಲೂ ಕಲಿಸುತ್ತಾರೆ, ಆದ್ದರಿಂದ ಹೆಚ್ಚು ಹೇಳುವುದಿಲ್ಲ. ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರಿಗೆ ಕಮ್ಮಿಯಿಲ್ಲದ ಆಳ, ಎರಡು ನಿಮಿಷಕ್ಕೊಮ್ಮೆ ಕೈ ಬದಲು. ಓಡುವ ಗಾಡಿಯಲ್ಲಿ ಇದನ್ನು ಸರಿಯಾಗಿ ಮಾಡಲಾಗದು. ‘ಮೊದಲು ಗಾಡಿಗೆ ಹಾಕಿ, ಆಸ್ಪತ್ರೆಗೆ ನಡೀರಿ’ ಎಂದು ಮನೆಯವರು ಕೂಗಾಡುತ್ತಿರುವಾಗ ನೆಲದ ಮೇಲೆಯೇ ಒತ್ತುತ್ತ ಕೂರಲು ಗುಂಡಿಗೆ ಬೇಕು.

ಎದೆನೋವೆಂದು ಕರೆದವರ ವಿಷಯದಲ್ಲಿ ಕಷ್ಟದ ತೀರ್ಮಾನ ಯಾವ ಆಸ್ಪತ್ರೆ ಎಂಬುದು. ಹತ್ತಿರದ್ದೆಲ್ಲ ಸರಿಯಾದದ್ದಲ್ಲ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಬಂದಮೇಲೆ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಕೊಡುವ ವ್ಯವಸ್ಥೆ ಆಗಿದೆ. ಎಲ್ಲಿ ಆ ಸೌಲಭ್ಯ ಇದೆ ಎಂಬ ನಕ್ಷೆ ಇಎಂಟಿಯ ತಲೆಯಲ್ಲಿರಬೇಕು. ಸಂದೇಹವಿದ್ದರೆ 108 ಕೇಂದ್ರದಲ್ಲಿ ಕೂತ ಡಾಕ್ಟರಿಗೆ ಫೋನು ಹೋಗುತ್ತದೆ. ಏನು ಹೇಳಿದರು, ಯಾವ ಔಷಧಿ ಎಷ್ಟು ಹೊತ್ತಿಗೆ ಕೊಟ್ಟದ್ದು ಎಲ್ಲವೂ ಹಾಳೆಯ ಮೇಲೆ ಏರುತ್ತದೆ.

ನಮ್ಮ ಹಳ್ಳಿಗಾಡಿಗೆ ವಿಶೇಷವಾದ ಕರೆಗಳು ಎರಡು, ಬೆಳೆಗೆ ಹೊಡೆಯುವ ಔಷಧಿ ಕುಡಿದದ್ದು ಮತ್ತು ಹಾವು ಕಚ್ಚಿದ್ದು. ಔಷಧಿ ಕುಡಿದವರ ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಕ್ಕೆ ಕುಗ್ಗಿರುವುದು, ಬೆಳ್ಳುಳ್ಳಿಯಂಥ ಘಾಟು ಕಂಡರೆ ಆರ್ಗನೊಫಾಸ್ಫೇಟ್ ಕೀಟನಾಶಕ ಎಂದು ಊಹಿಸುತ್ತಾರೆ. ವಾಂತಿ ಮಾಡಿಸುವುದಿಲ್ಲ. ಕೈಗವಸು ಹಾಕಿ, ವಿಷ ಚೆಲ್ಲಿದ ಬಟ್ಟೆ ಬಿಚ್ಚಿ, ಮೈ ತೊಳೆಸಿ, ಎಡಮಗ್ಗುಲಾಗಿಸಿ ಬಾಯಿಯ ನೀರು ಹೀರಿ ತೆಗೆಯುತ್ತಾರೆ. ಅದಕ್ಕೆ ಮದ್ದಾದ ಅಟ್ರೋಪಿನ್ ಕೊಡುವುದು ಡಾಕ್ಟರ ಮಾತಿನ ಮೇಲೆ. ಹಾವು ಕಚ್ಚಿದ್ದರೆ ಮನೆಯವರು ಬಿಗಿದ ಹಗ್ಗವೇ ಮೊದಲ ತೊಡಕು. ಕಚ್ಚಿದ ಕಾಲನ್ನು ಅಲುಗದಂತೆ ಪಟ್ಟಿಗೆ ಕಟ್ಟಿ, ಕಣ್ಣಿನ ರೆಪ್ಪೆ ಜೋಲುತ್ತಿದೆಯೇ, ಒಸಡಿನಲ್ಲಿ ರಕ್ತ ಜಿನುಗುತ್ತಿದೆಯೇ ಎಂದು ದಾರಿಯುದ್ದಕ್ಕೂ ನೋಡುತ್ತಿರುತ್ತಾರೆ. ರೆಪ್ಪೆ ಜೋಲಿದರೆ ನಾಗರವೋ ಕಟ್ಟುಹಾವೋ ಇರಬಹುದು, ರಕ್ತ ಜಿನುಗಿದರೆ ಮಂಡಲದ ಹಾವಿನ ಗುಮಾನಿ. ಹಾವು ಹಿಡಿದು ತರುವ ಸಾಹಸ ಯಾರಿಗೂ ಬೇಡ.

ಎಲ್ಲಕ್ಕಿಂತ ಹೆಚ್ಚು ಪಳಗುವುದು ಹೆರಿಗೆಯಲ್ಲಿ. ಹತ್ತಿದ ತಕ್ಷಣ ಕೇಳುವುದು ತಾಯಿ ಕಾರ್ಡ್. ಎಷ್ಟನೆಯ ಹೆರಿಗೆ, ಹಿಂದೆ ಸಿಸೇರಿಯನ್ ಆಗಿದೆಯೇ, ಹಿಮೋಗ್ಲೋಬಿನ್ ಎಷ್ಟು ಎಂಬುದೆಲ್ಲ ಅದರಲ್ಲಿದೆ. ಮಗುವಿನ ನೆತ್ತಿ ಕಾಣಿಸಿತೆಂದರೆ ‘ಗಾಡಿ ಸೈಡಿಗೆ ಹಾಕಿ’ ಎನ್ನುತ್ತಾರೆ. ಓಡುವ ಗಾಡಿಯಲ್ಲಿ ಹೆರಿಗೆ ಮಾಡಿಸಬಾರದು. ಒಳಗಿನ ಎಸಿ ಆರಿಸುತ್ತಾರೆ, ಒದ್ದೆಮೈಯ ಮಗುವಿಗೆ ಚಳಿಯೇ ಶತ್ರು. ‘ಅಕ್ಕಾ, ಈಗ ಮುಕ್ಕಬೇಡಿ, ಬಾಯಿಂದ ಉಸಿರು ಬಿಡಿ’ ಎನ್ನುತ್ತ ತಲೆ ರಭಸದಿಂದ ಬರದಂತೆ ಅಂಗೈ ಒಡ್ಡುತ್ತಾರೆ. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿದೆಯೇ ಎಂದು ಒಂದು ಬೆರಳು ಆಡಿಸಿ ನೋಡಿ, ಸಡಿಲವಾಗಿದ್ದರೆ ತಲೆಯ ಮೇಲಿಂದ ಜಾರಿಸುತ್ತಾರೆ. ಮಗು ಬಂದಮೇಲೆ ಒರೆಸಿ ತಾಯಿಯ ಎದೆಗೆ. ಮಗು ಅಳುತ್ತಿದ್ದರೆ ಬಳ್ಳಿ ಕತ್ತರಿಸಲು ಅವಸರವಿಲ್ಲ, ಒಂದು ನಿಮಿಷವಾದರೂ ಬಿಡುತ್ತಾರೆ, ಬಳ್ಳಿಯಲ್ಲಿರುವ ರಕ್ತ ಮಗುವಿನದೇ. ಆಮೇಲಿನ ಅರ್ಧ ಗಂಟೆ ಎಲ್ಲರೂ ಮಗುವಿನ ಮುಖ ನೋಡುತ್ತಿದ್ದರೆ ಇಎಂಟಿಯ ಕೈ ತಾಯಿಯ ಹೊಟ್ಟೆಯ ಮೇಲೆ. ಮಾಸು ತಾನಾಗಿ ಬರಬೇಕು, ಬಳ್ಳಿ ಹಿಡಿದು ಜಗ್ಗಬಾರದು. ಮಾಸು ಬಿದ್ದಮೇಲೆ ಗರ್ಭಕೋಶ ಗಟ್ಟಿಯಾಗದೆ ಮೆತ್ತಗಿದ್ದರೆ ರಕ್ತ ನಿಲ್ಲದು, ಉಜ್ಜುತ್ತಲೇ ಇರಬೇಕು. ಪಾವಗಡ ಸೀಮೆಯಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಸೂಲಗಿತ್ತಿ ನರಸಮ್ಮನವರಂಥ ಕೈಗಳ ಪರಂಪರೆ ನಮ್ಮದು. ಬಿಳಿ ಗಾಡಿಯೊಳಗಿನ ಹುಡುಗ ಹುಡುಗಿಯರನ್ನು ಆ ಸಾಲಿನಲ್ಲಿಟ್ಟು ನೋಡಲು ನನಗೆ ಸಂಕೋಚವಿಲ್ಲ.

ಇಷ್ಟೆಲ್ಲ ಮಾಡಿದವರ ಹೆಸರು ರೋಗಿಗೆ ಗೊತ್ತಿರುವುದಿಲ್ಲ. ಆಸ್ಪತ್ರೆಯ ಕ್ಯಾಶುವಾಲಿಟಿಯಲ್ಲಿ ಏನಾಯಿತು, ಏನು ಗಾಯ, ನಾಡಿ ಬಿಪಿ ಎಷ್ಟು, ಏನು ಕೊಟ್ಟದ್ದು ಎಂದು ಅರೆನಿಮಿಷದಲ್ಲಿ ಒಪ್ಪಿಸಿ ಸಹಿ ಪಡೆದರೆ ಅವರ ಪಾಲಿನ ಕತೆ ಮುಗಿಯಿತು. ಬದುಕಿದರೋ ಇಲ್ಲವೋ ಎಂಬುದೂ ಎಷ್ಟೋ ಸಲ ತಿಳಿಯುವುದಿಲ್ಲ. ಹನ್ನೆರಡು ಗಂಟೆಯ ಪಾಳಿ, ಅಷ್ಟಕ್ಕಷ್ಟೇ ಸಂಬಳ, ಅದೂ ತಡವಾದಾಗ ಧರಣಿ ಕೂತ ಸುದ್ದಿಗಳನ್ನು ನಾವು ಓದಿ ಮಗುಚಿದ್ದೇವೆ. ಕಸುಬನ್ನು ಹೊಗಳಿ ಕಸುಬುದಾರರನ್ನು ಮರೆಯುವ ಅಭ್ಯಾಸ ನಮಗೆ ಹಳೆಯದು.

ಓದುಗರು ಮಾಡಬಹುದಾದದ್ದೂ ಸ್ವಲ್ಪ ಇದೆ. ಗಾಯಾಳುವಿಗೆ ನೆರವಾದವರನ್ನು ಪೊಲೀಸರು ಕಾಡದಂತೆ ರಾಜ್ಯ 2016ರಲ್ಲೇ ಕಾಯ್ದೆ ಮಾಡಿದೆ, 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲೂ ಆ ರಕ್ಷಣೆ ಇದೆ. ಅದೇ ಕಾಯ್ದೆಯ ಪ್ರಕಾರ ಆಂಬ್ಯುಲೆನ್ಸಿಗೆ ದಾರಿ ಬಿಡದಿದ್ದರೆ 10,000 ರೂಪಾಯಿವರೆಗೆ ದಂಡ. 108ಕ್ಕೆ ಕರೆ ಮಾಡಿದವರು ಊರಿನ ಹೆಸರಿನ ಜೊತೆ ತಾಲ್ಲೂಕನ್ನೂ ಹೇಳಿ, ಒಂದೇ ಹೆಸರಿನ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಫೋನ್ ಕಟ್ ಮಾಡಬೇಡಿ, ಒಬ್ಬರನ್ನು ಮುಖ್ಯರಸ್ತೆಯ ತಿರುವಿಗೆ ಕಳಿಸಿ. ತಾಯಿ ಕಾರ್ಡೋ, ನುಂಗುತ್ತಿರುವ ಮಾತ್ರೆಗಳ ಚೀಟಿಯೋ, ಕುಡಿದ ಔಷಧಿಯ ಡಬ್ಬಿಯೋ ಇದ್ದರೆ ಗಾಡಿ ಹೊರಡುವ ಮೊದಲೇ ಇಎಂಟಿಯ ಕೈಗೆ ಕೊಡಿ.