ಕಾನೂನು ವ್ಯಾಸಂಗದ ಮೊದಲ ವರ್ಷ

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ನಂತರದ ಭಾನುವಾರಗಳಲ್ಲಿ, ಪೂಜೆ ಮುಗಿಸಿ ದೇವಾಲಯದ ಅಂಗಳದಲ್ಲಿ ನಿಂತವರ ಮಾತು ಮಕ್ಕಳ ಮುಂದಿನ ಓದಿನತ್ತ ಹೊರಳುವುದು ವಾಡಿಕೆ. ನರ್ಸಿಂಗ್, ಎಂಜಿನಿಯರಿಂಗ್ ಎಂಬ ಪರಿಚಿತ ಹೆಸರುಗಳ ನಡುವೆ ಈಚೆಗೆ ಕಾನೂನು ಪದವಿಯ ಹೆಸರೂ ಕೇಳಿಬರುತ್ತಿದೆ. ಕಾನೂನಿನೊಡನೆ ಸರ್ಕಾರದ ನೀತಿಗಳನ್ನೂ ಅರಿಯಬಯಸುವವರಿಗೆ ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳು ಜೊತೆಗೂಡಿದ ಐದು ವರ್ಷದ ಬಿ.ಎ. ಎಲ್‌ಎಲ್‌.ಬಿ. ತಕ್ಕ ಹಾದಿ. ಕಲಬುರಗಿಯ ಸೇಠ್ ಶಂಕರಲಾಲ್ ಲಾಹೋಟಿ ಕಾನೂನು ಕಾಲೇಜಿನಲ್ಲಿ ಈ ವ್ಯಾಸಂಗಕ್ಕೆ ಅವಕಾಶವಿದೆ. ನೀತಿಶಾಸ್ತ್ರವನ್ನೇ ಮುಂದುವರಿಸುವವರಿಗೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು 2014ರಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿಯನ್ನು ಆರಂಭಿಸಿತು. ಅದು ಆಮೇಲಿನ ಮಾತು. ಹಳ್ಳಿಯ ಮಕ್ಕಳು ಎಡವುವುದು ಮೊದಲ ವರ್ಷದಲ್ಲಿಯೇ ಎಂಬುದು ನಾವು ಕಂಡುಕೊಂಡ ಸತ್ಯ.

ಕಮಲಾಪುರದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಮನೆತನದಲ್ಲಿಯೇ ಮೊದಲಿಗಳಾಗಿ ಕಾನೂನು ತರಗತಿಗೆ ಕಾಲಿಡುವ ಹೆಣ್ಣುಮಗಳನ್ನು ನೆನೆಯೋಣ. ಅಪಕೃತ್ಯ, ಕರಾರು ಮೊದಲಾದ ವಿಷಯಗಳ ತೀರ್ಪುಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆ. ಎರಡೇ ತಿಂಗಳಲ್ಲಿ ಆಕೆ ‘ಇದು ನನ್ನಿಂದಾಗದು’ ಎಂದುಕೊಳ್ಳುತ್ತಾಳೆ. ಮನೆಯವರು ಸಾಲ ಮಾಡಿ ಕಟ್ಟಿದ ಶುಲ್ಕ ಮಾತ್ರ ಹಿಂದಿರುಗದು. ಆಕೆಗೆ ಮೊದಲೇ ತಿಳಿಸಬೇಕಾದ ಸಂಗತಿಯೊಂದಿದೆ. ತಾಲ್ಲೂಕಿನ ನ್ಯಾಯಾಲಯದಲ್ಲಿ ಕಕ್ಷಿದಾರನ ಅಳಲು ಕನ್ನಡದಲ್ಲಿಯೇ ಇರುತ್ತದೆ. ಸಂವಿಧಾನದ 348ನೆಯ ವಿಧಿಯಂತೆ ಉಚ್ಚ ನ್ಯಾಯಾಲಯದ ಭಾಷೆ ಇಂಗ್ಲಿಷ್. ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿ ಪೀಠವಾಗಿ ತೆರೆದು 2013ರಲ್ಲಿ ಕಾಯಂಗೊಂಡ ಉಚ್ಚ ನ್ಯಾಯಾಲಯ ಪೀಠವೂ ಇದಕ್ಕೆ ಹೊರತಲ್ಲ. ಎರಡೂ ಭಾಷೆ ಬಲ್ಲ ವಕೀಲರ ಅಗತ್ಯ ಇಲ್ಲಿರುವಷ್ಟು ಬೇರೆಲ್ಲಿಯೂ ಇರಲಾರದು. ಆದುದರಿಂದ ದಿನಕ್ಕೊಂದು ತೀರ್ಪಿನ ಎರಡು ಪುಟವನ್ನು ಓದಿ, ಅದರ ಸಾರವನ್ನು ಕನ್ನಡದಲ್ಲಿ ಬರೆದಿಡುವ ಅಭ್ಯಾಸವನ್ನು ಮೊದಲ ವಾರದಿಂದಲೇ ಆರಂಭಿಸಬೇಕು. ಇಂಗ್ಲಿಷ್ ತರಬೇತಿ ಕೇಂದ್ರಗಳಿಗೆ ಹಣ ಸುರಿಯುವುದಕ್ಕಿಂತ ಇದೇ ಲೇಸೆಂಬುದು ನಮ್ಮ ಅಭಿಪ್ರಾಯ.

ಹಾಜರಾತಿಯ ವಿಷಯದಲ್ಲಿ ಉದಾಸೀನ ಸಲ್ಲದು. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಾವಳಿ ಪ್ರತಿ ವಿಷಯದಲ್ಲಿಯೂ ಶೇಕಡಾ 70ರಷ್ಟು ಹಾಜರಾತಿಯನ್ನು ವಿಧಿಸಿದೆ. ಹುಮನಾಬಾದ್ ಮಾರ್ಗದ ಬಸ್ಸನ್ನೇ ನಂಬಿ ನಿತ್ಯ ಓಡಾಡುವವರು, ಮೊದಲ ವರ್ಷವಾದರೂ ನಗರದಲ್ಲಿ ತಂಗುವ ಏರ್ಪಾಡು ಮಾಡಿಕೊಳ್ಳುವುದು ಒಳಿತು. ಐದು ವರ್ಷದ ಪದವಿಗೆ ಒಟ್ಟು 20 ವಾರಗಳ ಪ್ರಾಯೋಗಿಕ ತರಬೇತಿಯೂ ಕಡ್ಡಾಯ. ಆದರೆ ಒಂದು ವರ್ಷದಲ್ಲಿ ಸತತ ನಾಲ್ಕು ವಾರಗಳಿಗಿಂತ ಹೆಚ್ಚು ಸಲ್ಲದು. ಕೊನೆಯ ವರ್ಷಕ್ಕೆಂದು ಎಲ್ಲವನ್ನೂ ಉಳಿಸಿಕೊಂಡವರು ಪರದಾಡುತ್ತಾರೆ.

ಈ ತರಬೇತಿಗೆ ಬೆಂಗಳೂರಿಗೇ ಹೋಗಬೇಕೆಂಬುದು ತಪ್ಪು ಕಲ್ಪನೆ. ಸ್ಥಳೀಯ ಸ್ವಯಂ ಆಡಳಿತ ಸಂಸ್ಥೆಗಳೂ ನಿಯಮದಲ್ಲಿ ಸೇರಿವೆ. ಮೊದಲ ರಜೆಯಲ್ಲಿ ಕಮಲಾಪುರದ ಸುತ್ತಲಿನ ಯಾವುದಾದರೊಂದು ಗ್ರಾಮ ಪಂಚಾಯಿತಿಯಲ್ಲಿ ಕುಳಿತು, ಗ್ರಾಮಸಭೆಯ ನಡಾವಳಿ ಹೇಗೆ ಬರೆಯಲ್ಪಡುತ್ತದೆ, ಬಡವನ ಅರ್ಜಿ ಯಾವ ಮೇಜಿನ ಮೇಲೆ ನಿಲ್ಲುತ್ತದೆ ಎಂಬುದನ್ನು ನೋಡಿದವಳಿಗೆ ನೀತಿ ಎಂದರೇನೆಂದು ಬೇರೆ ವಿವರಿಸಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದ ಅರ್ಜಿಯೊಂದನ್ನು ತಾನೇ ಬರೆದು ಕಳುಹಿಸಿ, 30 ದಿನಗಳಲ್ಲಿ ಉತ್ತರ ಬಂದೀತೇ ಎಂದು ಕಾಯುವುದೂ ಒಂದು ಪಾಠವೇ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರಕಿದೆ; ಅದರ ಹಿಂದಿರುವುದು 1999ರ ಕಾಯ್ದೆ. ಆ ಮಾನ್ಯತೆಯಿಂದ ಬೆಳೆಗಾರನ ಕೈಗೆ ನಾಲ್ಕು ಕಾಸು ಹೆಚ್ಚು ಬಂದಿತೇ? ತೋಟದಲ್ಲಿ ನಿಂತು ಕೇಳಬಹುದಾದ ಪ್ರಶ್ನೆಯಿದು.

ನೆಂಟರಲ್ಲಿ ವಕೀಲರಿದ್ದರೆ ಹಳೆಯ ಪುಸ್ತಕಗಳು ಪುಕ್ಕಟೆಯಾಗಿ ದೊರೆಯುತ್ತವೆ. ಎಚ್ಚರಿಕೆ ಅಗತ್ಯ: 1860ರ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ, ದಂಡ ಪ್ರಕ್ರಿಯೆ ಮತ್ತು ಸಾಕ್ಷ್ಯದ ಕಾನೂನುಗಳೂ ಅಂದೇ ಬದಲಾದವು. ಕರಾರು ಕಾಯ್ದೆ 1872ರದೇ ಆದುದರಿಂದ ಆ ಪುಸ್ತಕವನ್ನು ಧಾರಾಳವಾಗಿ ತೆಗೆದುಕೊಳ್ಳಬಹುದು.

ಇನ್ನು ಪೋಷಕರಿಗೊಂದು ಮಾತು. 2012ರ 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371-ಜೆ ವಿಧಿಯ ಸ್ಥಳೀಯ ಮೀಸಲಾತಿಗೆ ಉಪವಿಭಾಗಾಧಿಕಾರಿಗಳ ಅರ್ಹತಾ ಪ್ರಮಾಣಪತ್ರ ಬೇಕು. ಪ್ರವೇಶದ ಗಡಿಬಿಡಿಯ ದಿನಗಳವರೆಗೆ ಕಾಯದೆ ಅರ್ಜಿಯನ್ನು ಈಗಲೇ ಸಲ್ಲಿಸಿ. ಆ ಅರ್ಜಿಯನ್ನು ತುಂಬುವ ಕೆಲಸವನ್ನು ಮಗಳಿಗೇ ವಹಿಸಿಬಿಡಿ.